ಎಣ್ಣೆ ಮುಟ್ಟದ ಕೈ

ಟಗರು ಮಾರಿದ ದಿನ ಪಾಲಾಕ್ಷಪ್ಪ ಊಟ ಮಾಡಲಿಲ್ಲ. ರೊಟ್ಟಿ ಆರಿ ಹಪ್ಪಳವಾದರೂ ತಟ್ಟೆಗೆ ಕೈ ಹಾಕದೆ, ಹಿತ್ತಲ ಬಾಗಿಲಲ್ಲಿ ಕೂತು ಖಾಲಿ ಗೂಟವನ್ನೇ ನೋಡುತ್ತಿದ್ದ. ಅವನನ್ನು ಸಮಾಧಾನ ಮಾಡುವ ತ್ರಾಣ ಹೆಂಡತಿ ಮಂಜಮ್ಮನಿಗೆ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಕೊಟ್ಟೂರಿನ ಆ ತುದಿಗೊಂದು ಈ ತುದಿಗೊಂದು ಬಾಣಂತಿ ಮನೆಗೆ ಹೋಗಿ, ಎಣ್ಣೆ ತಿಕ್ಕಿ ನೀರೆರೆದು, ಕೂಸುಗಳ ಕೈಕಾಲು ನೀವಿ ಬಂದು ಈಗ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ಅವಳ ಅಂಗೈಗೆ ಬಿಸಿ ಅನ್ನುವುದು ಗೊತ್ತಾಗುವುದು ನಿಂತು ಎಷ್ಟೋ ಕಾಲವಾಗಿತ್ತು.

ಪಡಸಾಲೆಯಲ್ಲಿ ಗುರುಬಸವರಾಜ ಕೂತಿದ್ದ. ಹಗರಿಬೊಮ್ಮನಹಳ್ಳಿಯಿಂದ ಸ್ಕೂಟರಿನಲ್ಲಿ ಬರುವ ಇನ್ಸೂರೆನ್ಸ್ ಏಜೆಂಟ. ಮುಂದಿಟ್ಟ ಮಂಡಕ್ಕಿ ಒಗ್ಗರಣೆಯನ್ನು ಮುಗಿಸಿ ಕೈ ಒರೆಸಿಕೊಂಡು, ಟಗರಿನ ದುಡ್ಡು ಎಣಿಸಿ ಕಿಸೆಗಿಟ್ಟು ಕಾಗದ ಹರಡಿದ್ದ. ಮಗ ಚನ್ನಬಸವ ಅವನ ಮಗ್ಗುಲಲ್ಲಿ ಕೂತು ಹೇಳಿದಲ್ಲೆಲ್ಲ ಸಹಿ ಹಾಕುತ್ತಿದ್ದ.

"ಬಸ್ಸಿಗೆ ಐತಿ, ಲಾರಿಗೆ ಐತಿ, ಎಮ್ಮಿಗೂ ಐತಿ," ಎಂದು ಪಾಲಾಕ್ಷಪ್ಪ ಗೂಟಕ್ಕೆ ಹೇಳಿದ. "ಈಗ ಮೈ ತಿಕ್ಕೋದಕ್ಕೂ ಬಂತು ಇನ್ಸೂರೆನ್ಸು. ನಾಳಿ ಚೌರ ಮಾಡೋನು ಕತ್ತರಿಗೆ ಮಾಡಸ್ತಾನ."

"ಯಪ್ಪ, ಹೊಸಪೇಟಿ ಹೋಟ್ಲಾಗ ನನ್ನ ಜೋಡಿ ಮೈ ತಿಕ್ಕತಿದ್ದ ಹುಡುಗ ಒಬ್ಬ ಗಿರಾಕಿಯ ಕುತ್ತಿಗಿ ತಿರುವಿದ. ಲಟಕ್ ಅಂತು. ಹೋಟ್ಲೋರು ಇವನ್ಯಾರೋ ನಮಗ ಗೊತ್ತಿಲ್ಲ ಅಂದ್ಬಿಟ್ರು. ಇವತ್ತಿಗೂ ಕೋರ್ಟಿಗೆ ಅಡ್ಡಾಡಾಕತ್ತಾನ. ನಿನ್ನ ಮಗನೂ ಹಂಗ ಅಡ್ಡಾಡ್ಲೇನು?"

"ನನ್ನ ಮಗ ಅಡ್ಡಾಡೋದು ಬ್ಯಾಡಂತ ನನ್ನ ಟಗರು ಅಡ್ಡಾಡಿಕೆಂತ ಹೋತು."

ಚನ್ನಬಸವ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೊಸಪೇಟೆಯ ಹೋಟೆಲಿನಲ್ಲಿ ಮೈ ತಿಕ್ಕುವ ಕೆಲಸ ಕಲಿತು, ಯಾವುದೋ ಕೋರ್ಸು ಮಾಡಿ ಸರ್ಟಿಫಿಕೇಟು ತಂದಿದ್ದ. ಹೋದ ವರ್ಷ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಖೋಲಿ ಹಿಡಿದು ಮಸಾಜ್ ಸೆಂಟರ್ ಎಂದು ಬೋರ್ಡು ಹಾಕಿದ. ನಡುವೆ ಪರದೆ. ಈಚೆ ಗಂಡಸರಿಗೆ ಅವನು, ಆಚೆ ಹೆಂಗಸರಿಗೆ ಮಂಜಮ್ಮ. ಗೋಡೆಗೆ ಸರ್ಟಿಫಿಕೇಟು ಮಗನದು, ಹೆಚ್ಚಿನ ಗಿರಾಕಿ ಅವ್ವನದು.

"ಡಾಕ್ಟ್ರು ಮಾಡಸ್ತಾರಲ್ರಿ, ಅಂಥದ್ದ ಇದು," ಎಂದ ಗುರುಬಸವರಾಜ. "ನಿಮ್ಮ ಕೈಯಿಂದ ಯಾರಿಗರ ಏನರ ಆದ್ರ, ಅವರ ಖರ್ಚು, ಕೇಸು, ಎಲ್ಲಾ ಕಂಪ್ನಿ ನೋಡ್ಕಂತತಿ. ಅವ್ವಾರ ಹೆಸ್ರೂ ಸೇರ್ಸೀನಿ. ಒಂದು ಮಾತ್ರ ನೆಪ್ಪಿರ್ಲಿ. ಏನರ ಆತಂದ್ರ ಮೊದ್ಲು ನನಗ ಫೋನು. ನೀವು ಅವರ ಮನಿಗೆ ಹೋಗಂಗಿಲ್ಲ. ತಪ್ಪಾತು ಅನ್ನಂಗಿಲ್ಲ. ಅಂದ್ರೆಂದ್ರ ಕಂಪ್ನಿ ಕೈ ಬಿಡ್ತತಿ."

ಮೂಲೆಯಲ್ಲಿ ಮಣಕಾಲು ಚಾಚಿ ಕೂತಿದ್ದ ಮಂಜಮ್ಮನ ಅತ್ತೆ ತಿಪ್ಪೇರುದ್ರಮ್ಮ ತಲೆ ಎತ್ತಿದಳು. "ಹೋಗದಿದ್ರ ಮತ್ತ ಎಣ್ಣಿ ಮುಟ್ಟೋದು ಹೆಂಗಪಾ?"

"ಏನಂದಿ ಅಜ್ಜಿ?"

"ಅದು ನಮ್ಮನಿ ಹಳೇ ಮಾತು ಬಿಡ್ರಿ ಸರ," ಎಂದು ಚನ್ನಬಸವ ಇನ್ನೊಂದು ಸಹಿ ಹಾಕಿದ.

ಹಳೇ ಮಾತು ನಿಜ. ಆ ಮನೆಯ ಹೆಂಗಸರು ತಲೆತಲಾಂತರದಿಂದ ಉಳುಕು ನೀವುವವರು, ಬಾಣಂತಿ ಎರೆಯುವವರು. ತಮ್ಮ ಕೈಯಿಂದ ಯಾರ ಮೈಗಾದರೂ ಕೇಡಾದರೆ ಎಣ್ಣೆಬಟ್ಟಲು ಹಿಡಿದು ಅವರ ಮನೆಗೆ ಹೋಗಬೇಕು. ಕಾಲು ತೊಳೆದು, ನನ್ನ ಕೈಯಿಂದ ಆತು ಅನ್ನಬೇಕು. ಅಲ್ಲಿಯ ತನಕ ಒಗ್ಗರಣೆ ಎಣ್ಣೆ ಬೇಕಾದರೆ ಮುಟ್ಟಬಹುದು, ಮೈಗೆ ಹಚ್ಚುವ ಎಣ್ಣೆ ಮುಟ್ಟುವಂತಿಲ್ಲ. ತಿಪ್ಪೇರುದ್ರಮ್ಮ ಸೊಸೆಗೆ ಕೆಲಸ ಕಲಿಸುವಾಗ ಮೊದಲ ದಿನ ಹೇಳಿದ್ದು ಇದು. ಎರಡನೆಯದು, ಎಣ್ಣೆಯಾಗಲಿ ಕಾವು ಕೊಡುವ ಉಪ್ಪಿನ ಗಂಟಾಗಲಿ, ಅಂಗೈಯನ್ನು ನಂಬದೆ ಕಪಾಳಕ್ಕೆ ಹಚ್ಚಿ ಬಿಸಿ ನೋಡಬೇಕು ಅನ್ನುವುದು.

ಏಜೆಂಟ ಹೋದ ಮೇಲೆ ಮಂಜಮ್ಮ ಗಂಡನ ಒಣಗಿದ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ತಾನೇ ತಿಂದಳು.

*

ನಾಗಲಿಂಗಮ್ಮ ಸೆಂಟರಿಗೆ ಬಂದದ್ದು ಹೆಗಲು ನೋವಿಗೆ. ಮಾರ್ಕೆಟ್ಟಿನ ಕಾಳಿನ ವ್ಯಾಪಾರಿ ಬೆನಕಪ್ಪನ ಹೆಂಡತಿ. ಬಲಗೈ ಮೇಲೆತ್ತಲು ಬಾರದೆ, ತಲೆ ಬಾಚಿಕೊಳ್ಳಲೂ ಸೊಸೆಯ ದಾರಿ ಕಾಯಬೇಕಾಗಿತ್ತು.

"ಆಕಿ ಬಾಚಿದ್ರ ತಲಿ ಬಾಚಿದಂಗಿರಂಗಿಲ್ಲ, ಹೊಲ ಹರಗಿದಂಗಿರ್ತತಿ. ನನ್ನ ಕೈ ನನಗ ವಾಪಸ್ ಮಾಡಿಕೊಡು ಮಂಜಮ್ಮ," ಎಂದು ನಗುತ್ತ ಮಲಗುತ್ತಿದ್ದಳು. ಒಂದು ವಾರಕ್ಕೆ ಕೈ ಕಿವಿಯ ತನಕ ಬಂತು. ಇನ್ನೊಂದು ವಾರಕ್ಕೆ ನೆತ್ತಿ ಮುಟ್ಟುವ ಹಾಗಿತ್ತು.

ಅವತ್ತು ಸಂತೆ ದಿನ. ಪರದೆಯ ಎರಡೂ ಕಡೆ ಜನ. ಹೆಗಲು ನೀವಿ ಮುಗಿದ ಮೇಲೆ ನಾಗಲಿಂಗಮ್ಮ, "ಪಾದ ಮರಗಟ್ಟಿದಂಗ ಆಗ್ಯಾವ, ಒಂದೀಟು ಕಾವು ಕೊಡು," ಎಂದಳು. ಮಂಜಮ್ಮ ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದಳು.

"ಯವ್ವ, ಬಾರೀಕರ ಓಣಿಯೋರು ಭಾಳೊತ್ತಿಂದ ಕಾಯಾಕತ್ಯಾರ," ಎಂದು ಪರದೆಯ ಆಚೆಯಿಂದ ಚನ್ನಬಸವ ಕೂಗಿದ.

"ಬಂದೆ," ಎಂದಳು. ಗಂಟನ್ನು ಅಂಗೈಯಲ್ಲಿ ಒಮ್ಮೆ ಅಮುಕಿದಳು. ಏನೂ ಅನಿಸಲಿಲ್ಲ. ಪಾದಕ್ಕಿಟ್ಟಳು.

"ಸುಡ್ತತೇನ್ರಿ ಅಮ್ಮಾರ?"

"ಏನೂ ಗೊತ್ತಾಗವಲ್ದು. ಇನ್ನೊಂಚೂರು ಒತ್ತು."

ಒತ್ತಿದಳು. ನಾಗಲಿಂಗಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಆಕೆ ಹೇಳಲಿಲ್ಲ. ಮಂಜಮ್ಮ ಕೇಳಲಿಲ್ಲ. ಬಿಸಿ ಗೊತ್ತಾಗದ ಕೈ, ಬಿಸಿ ಗೊತ್ತಾಗದ ಕಾಲಿಗೆ ಕಾವು ಕೊಟ್ಟಿತು.

ಮರುದಿನ ನಾಗಲಿಂಗಮ್ಮನ ಪಾದಕ್ಕೆ ಸುಟ್ಟ ಬೊಬ್ಬೆ ಎದ್ದಿದೆಯೆಂದು ಸುದ್ದಿ ಬಂತು. ಆಮೇಲೆ ಬೊಬ್ಬೆ ಒಡೆದು ಕೀವಾಗಿದೆ ಎಂದು. ಆಮೇಲೆ ದಾವಣಗೆರೆಗೆ ಕರೆದುಕೊಂಡು ಹೋದರಂತೆ, ಕಾಲಿನ ಹೆಬ್ಬೆಟ್ಟು ಕತ್ತರಿಸಿ ತೆಗೆದರಂತೆ ಎಂದು.

ಅದನ್ನು ಕೇಳಿದ ಹೊತ್ತಿನಲ್ಲಿ ಮಂಜಮ್ಮ ಬಾಣಂತಿ ಮನೆಗೆ ಹೊರಟಿದ್ದಳು. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

"ಯಾವಾಗ ಹೋಗ್ತಿ?" ಎಂದು ತಿಪ್ಪೇರುದ್ರಮ್ಮ ಕೇಳಿದಳು.

"ಊರಿಗೆ ಬಂದ ಕೂಡ್ಲೆ ಹೋಗ್ತೀನ್ರಿ ಅತ್ತಿ."

ನಾಗಲಿಂಗಮ್ಮ ಊರಿಗೆ ಬಂದಳು. ಮಂಜಮ್ಮ ತಲೆಗೆ ನೀರು ಹಾಕಿಕೊಂಡು, ಬಟ್ಟಲು ತುಂಬಿಕೊಂಡು ಹೊರಬಿದ್ದರೆ ಬಾಗಿಲಿಗೆ ಅಡ್ಡವಾಗಿ ಮಗ ನಿಂತಿದ್ದ.

"ಎಲ್ಲಿಗೆ?"

"ಗೊತ್ತಿದ್ದೂ ಯಾಕ ಕೇಳ್ತಿ? ಸರಿ ಅತ್ತಾಗ."

"ಏಜೆಂಟ ಸರ ಫೋನ್ ಮಾಡಿದ್ರು. ನಮ್ಮ ಫೈಲು ಮ್ಯಾಲಿನ ಆಫೀಸಿಗೆ ಹೋಗೇತಂತ. ಅದು ಹೊಳ್ಳಿ ಬರೋ ತನ ಯಾರೂ ಆ ಮನಿ ಕಡಿ ಮುಖ ಹಾಕಬಾರದಂತ."

"ಬೊಟ್ಟು ತೆಗ್ದಾರಲೇ. ನಾ ಹೋಗಿ ಮಾತಾಡ್ಸೋದೂ ಬ್ಯಾಡೇನು?"

"ನೀ ಮಾತಾಡ್ಸಾಕ ಹೋಗಂಗಿಲ್ಲ. ನನ್ನ ಕೈಯಿಂದ ಆತು ಅನ್ನಾಕ ಹೋಗ್ತಿ. ನೀ ಅಂದಿ ಅಂದ್ರ ಕಂಪ್ನಿ ಒಂದು ಪೈಸಾ ಬಿಚ್ಚಂಗಿಲ್ಲ. ಆಗ ಆ ಅಮ್ಮನ ಆಸ್ಪತ್ರಿ ಖರ್ಚು ಯಾರು ಕೊಡ್ತಾರ? ನಿನ್ನ ಕೈ ನೀ ತೊಳಕಣಾಕ ಹೋಗಿ ಆಕಿ ದುಡ್ಡು ಕಳಿತೀಯೇನು?"

ಮಂಜಮ್ಮ ಒಳಗೆ ತಿರುಗಿದಳು. ಬಟ್ಟಲಿನ ಎಣ್ಣೆಯನ್ನು ಬಾಟಲಿಗೆ ವಾಪಸ್ ಸುರಿದಳು.

*

ಅಲ್ಲಿಂದ ಆ ಮನೆಯಲ್ಲಿ ದಿನಗಳು ಕುಂಟಿದವು. ಮಂಜಮ್ಮ ಮಾತು ಕೊಟ್ಟಿದ್ದ ಬಾಣಂತಿ ಮನೆಗಳು ಊರಿನ ಇನ್ನೊಬ್ಬ ಎರೆಯುವಾಕೆ ದ್ಯಾಮಕ್ಕನ ಪಾಲಾದವು. ಸೆಂಟರಿನ ಪರದೆಯ ಆಚೆ ಮಂಚ ಖಾಲಿ ಬಿತ್ತು. ಬಂದ ಹೆಂಗಸರಿಗೆ ಚನ್ನಬಸವ, "ಅವ್ವಗ ಮೈಯಾಗ ಆರಾಮಿಲ್ರಿ," ಎಂದು ಹೇಳಿ ಕಳಿಸುತ್ತಿದ್ದ. ಮೊದಮೊದಲು ಅವರು ಪಾಪ ಅಂದರು, ಆಮೇಲೆ ಬರುವುದನ್ನೇ ಬಿಟ್ಟರು. ಮನೆಯಲ್ಲಿ ಶೇಂಗಾ ಹಿಂಡಿ, ಪುಂಡಿ ಪಲ್ಯ, ಮತ್ತೆ ಶೇಂಗಾ ಹಿಂಡಿ. ಮಂಜಮ್ಮನಿಗೆ ಮೊದಲಿಗಿಂತ ಅರ್ಧ ಕೆಲಸ, ಆದರೆ ಸುಸ್ತು ದುಪ್ಪಟ್ಟು. ಕಸ ಗುಡಿಸಲು ಬಗ್ಗಿದರೆ ಏಳುವುದೇ ಬೇಡ ಅನಿಸುತ್ತಿತ್ತು.

ದಿನಾ ಸಂಜೆ ಅತ್ತೆಯ ಮಣಕಾಲಿಗೆ ಎಣ್ಣೆ ಹಚ್ಚುವುದೂ ನಿಂತಿತು. ಮುದುಕಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಲಾಗದೆ ಚನ್ನಬಸವ ತಾನೇ ಬಟ್ಟಲು ಹಿಡಿದು ಕೂತ.

"ಕಾಲು ಚಾಚು ಅಜ್ಜಿ."

"ಬ್ಯಾಡಪಾ. ನಿನ್ನ ಕೈ ಕಂಪ್ನಿದು. ಅವರನ್ನ ಕೇಳ್ಕಂಡು ಬಾ ಹೋಗು."

"ನಿನಗ ನೋವಾದ್ರೂ ಚಿಂತಿಲ್ಲ, ಚುಚ್ಚೋದು ಬಿಡಂಗಿಲ್ಲ."

"ನೋವು ಮಣಕಾಲಿಗೆ ಬಂದೈತಿ, ಬಾಯಿಗೆ ಬಂದಿಲ್ಲ."

ಒಂದು ದಿನ ಪಾಲಾಕ್ಷಪ್ಪ ತಾನು ಕೂಲಿಗೆ ಕಾಯುವ ಕುರಿಗಳಿಗೆ ಹೊಟ್ಟು ತರಲು ಮಾರ್ಕೆಟ್ಟಿಗೆ ಹೋಗಿ ಬಂದವನು ಚೀಲ ಇಳಿಸಿ ಹೆಂಡತಿಯ ಮುಂದೆ ಕೂತ.

"ಬೆನಕಪ್ಪ ಸಾವ್ಕಾರ ಸಿಕ್ಕಿದ್ದ. ನಿನ್ನ ಹೆಂಡ್ತಿ ಬರ್ತಾಳಂತ ನಮ್ಮಾಕಿ ದಿನಾ ಬಾಗಲ ನೋಡಾಕತ್ತಾಳ, ಆಕಿಗೆ ಏನು ಕಾಲಿಲ್ಲೇನು ಅಂದ."

"ನೀವು ಏನಂದ್ರಿ?"

"ಏನನ್ನಲಿ. ಕಾಲು ಅದಾವು, ಇನ್ಸೂರೆನ್ಸ್ ಆಗ್ಯಾವು ಅನ್ನಲೇನು? ಹೊಟ್ಟು ಹೊತಗಂಡು ಬಂದೆ."

ಆ ವಾರ ಕಳೆದ ಮೇಲೆ ಆಸ್ಪತ್ರೆ ಖರ್ಚು ಕೇಳಿ ಬೆನಕಪ್ಪನ ವಕೀಲರ ನೋಟೀಸು ಬಂತು. ಪಾಲಾಕ್ಷಪ್ಪ ಅದನ್ನು ಮುಟ್ಟಲಿಲ್ಲ. ಚನ್ನಬಸವ ಮಾತ್ರ ಓದಿ ಉಸಿರುಬಿಟ್ಟ. "ಬರ್ಲಿ. ಇದಕ್ಕೇ ಅಲ್ಲೇನು ಟಗರು ಮಾರಿದ್ದು. ಇನ್ನ ಕಂಪ್ನಿ ನೋಡ್ಕಂತತಿ."

ಕಂಪನಿ ನೋಡಿಕೊಂಡ ಬಗೆ ಮರುದಿನವೇ ಗೊತ್ತಾಯಿತು. ಗುರುಬಸವರಾಜ ಬಂದವನು ಈ ಸಲ ಮಂಡಕ್ಕಿ ಮುಟ್ಟದೆ ಗಡಿಯಾರ ನೋಡುತ್ತ ಕೂತ.

"ಹಿಂಗೈತ್ರಿ ವಿಷಯ. ಸಕ್ಕರಿ ಕಾಯಿಲಿ ಐತೇನಂತ ಅವ್ವಾರು ಮೊದ್ಲ ಕೇಳಿದ್ರು, ಆ ಅಮ್ಮ ಇಲ್ಲ ಅಂದ್ರು. ಹಂಗ ಬರಕೊಡ್ರಿ ಸಾಕು. ಕೇಸು ಅಲ್ಲೇ ಬಿದ್ದುಹೋಗ್ತತಿ."

"ಕೇಸು ಬಿದ್ರ ಆ ಅಮ್ಮಗ ದುಡ್ಡು ಬರ್ತತೇನ್ರಿ?" ಎಂದು ಚನ್ನಬಸವ ಕೇಳಿದ.

"ನಿಮ್ಮ ತಪ್ಪಿಲ್ಲಂದ ಮ್ಯಾಲೆ ಆಕಿಗ್ಯಾಕ ದುಡ್ಡು?"

"ಮತ್ತ ನಮ್ಮ ತಪ್ಪ ಅಂದ್ರ?"

"ಹಂಗ ನೀವು ಅನ್ನಂಗಿಲ್ಲಲ್ಲ. ಅಂದ್ರ ಪಾಲಿಸಿ ಹೋತು."

ಚನ್ನಬಸವ ಎದ್ದು ನಿಂತ. ದನಿ ಏರಿಸದೆ ಏಜೆಂಟನ ಕಾಗದಗಳನ್ನು ಅವನ ಕಡೆಗೇ ತಳ್ಳಿದ. "ತಪ್ಪಿದ್ರ ಮಾತ್ರ ದುಡ್ಡು ಕೊಡ್ತೀರಿ. ತಪ್ಪೈತಿ ಅಂದ್ರ ಕೊಡಂಗಿಲ್ಲ. ಇದನ್ನ ಯಾವ ಸಾಲ್ಯಾಗ ಕಲ್ತ್ರಿ ಸರ? ನಾ ಒಂಬತ್ತನೇತ್ತ ಬಿಟ್ಟೋನು, ನನಗ ಒಂಚೂರು ತಿಳಿಸಿ ಹೇಳ್ರಿ."

"ನನ್ನ ಮ್ಯಾಲ ಯಾಕ ಸಿಟ್ಟು? ನಾ ಬರೀ ಏಜೆಂಟ. ಯೋಚ್ನಿ ಮಾಡಿ ಹೇಳ್ರಿ."

ಸ್ಕೂಟರಿನ ಸದ್ದು ಓಣಿ ದಾಟಿತು. ಚನ್ನಬಸವ ಅವ್ವನ ಕಡೆ ತಿರುಗಿ, ನೆಲ ನೋಡುತ್ತ, "ಕೇಳಿದ್ದೆ ಅಂತ ಹೇಳಿಬಿಡು ಯವ್ವ. ಮುಗದುಹೋಗ್ಲಿ," ಎಂದ.

"ನಾ ಕೇಳ್ಲಿಲ್ಲಲೇ."

"ಗೊತ್ತು. ಹೇಳು ಅಂದೆ."

"ಈಗ ಅಂದ್ಯಲ್ಲ ಅವನಿಗೆ, ಅಷ್ಟು ದೊಡ್ಡ ಮಾತು."

"ಅಂದೆ. ಸಿಟ್ಟು ಹೊಟ್ಟಿ ತುಂಬಸ್ತತೇನು? ಕೋರ್ಟಿಗೆ ನಾ ಅಡ್ಡಾಡಬೇಕು. ಖೋಲಿ ಹೋಗ್ತತಿ, ಬೋರ್ಡು ಹೋಗ್ತತಿ. ಮತ್ತ ಹೊಸಪೇಟಿಗೆ ಹೋಗಿ ಕಂಡೋರ ಬೆನ್ನು ತಿಕ್ಕಬೇಕು. ನನಗ ಸಾಕಾಗೇತಿ ಯವ್ವ."

ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆ ಮಾತು ಆಡಿದಾಗ ಅಪ್ಪನಿಗಿಂತ ಮುದುಕನಾಗಿ ಕಂಡ. ಮಂಜಮ್ಮ ಒಲೆಯ ಕಡೆ ತಿರುಗಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಕೈ ಹಾಕಿ ತಿರುವಿ ಹಾಕಿದಳು, ಹಾಗೇ ತನ್ನ ಅಂಗೈಯನ್ನು ನೋಡುತ್ತ ಕೂತಳು.

"ಅತ್ತಿ," ಎಂದಳು, "ಅವತ್ತು ನಾ ಕಪಾಳಕ್ಕ ಹಚ್ಚಿ ನೋಡ್ಲಿಲ್ರಿ."

ತಿಪ್ಪೇರುದ್ರಮ್ಮ ಮಣಕಾಲು ನೀವಿಕೊಂಡಳು. "ಗೊತ್ತೈತಿ," ಎಂದಳು. "ನೋಡಿದ್ರ ಬೊಬ್ಬಿ ಏಳ್ತಿದ್ದಿಲ್ಲ."

*

ಮರುದಿನ ಬೆಳಿಗ್ಗೆ ಮಂಜಮ್ಮ ನೀರು ಹಿಡಿದು ಬರುವಷ್ಟರಲ್ಲಿ ಅತ್ತೆ ಮನೆ ಬಿಟ್ಟಿದ್ದಳು. ಓಣಿಯ ಬೇವಿನ ಮರದ ಹತ್ತಿರ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಎಣ್ಣೆಬಟ್ಟಲು ಹಿಡಿದು ಹೆಜ್ಜೆ ಕೀಳುತ್ತಿದ್ದಳು. ಅರ್ಧ ಎಣ್ಣೆ ಸೀರೆಗೆ ಚೆಲ್ಲಿತ್ತು.

"ಎಲ್ಲಿಗ್ರಿ ಅತ್ತಿ, ಈ ಕಾಲಾಗ?"

"ಬೆನಕಪ್ಪನ ಮನಿಗೆ. ನಿನ್ನ ಕೈಗೆ ಕಂಪ್ನಿ ಬೀಗ ಹಾಕೇತಿ. ಆ ಕೈಗೆ ಕೆಲಸ ಕಲ್ಸಿದಾಕಿ ನಾನು. ನಾ ಹೇಳ್ತೀನಿ. ನನ್ನ ಹೆಸ್ರು ಆ ಕಾಗದದಾಗ ಇಲ್ಲಲ್ಲ."

ಮಂಜಮ್ಮ ಕೊಡ ಇಳಿಸಿದಳು. ಅತ್ತೆಯ ಕೈಯಿಂದ ಬಟ್ಟಲು ಇಸಿದುಕೊಂಡಳು. ಹಿಂದೆಯೇ ಬಂದ ಪಾಲಾಕ್ಷಪ್ಪ ತಾಯಿಯ ರಟ್ಟೆ ಹಿಡಿದು ಮನೆಯ ಕಡೆ ತಿರುಗಿಸಿದ.

ದಾರಿಗೆ ಸೆಂಟರ್ ಅಡ್ಡ ಬರುತ್ತಿತ್ತು. ಬಾಗಿಲು ತೆಗೆಯುತ್ತಿದ್ದ ಚನ್ನಬಸವ ಅವ್ವನನ್ನೂ ಬಟ್ಟಲನ್ನೂ ನೋಡಿದ. ಈ ಸಲ ಅಡ್ಡ ನಿಲ್ಲಲಿಲ್ಲ.

"ಹೋಗು. ಕಾಲು ತೊಳಿ. ಬಾಯಿ ಮಾತ್ರ ಬಿಡಬ್ಯಾಡ ಯವ್ವ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಮುಂದೆ ನಡೆದಳು.

ಬೆನಕಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ. "ಈಗ ದಾರಿ ಗೊತ್ತಾತೇನು? ಒಳಗ ಬಿಡಬ್ಯಾಡ ಅಂತ ವಕೀಲ್ರು ಹೇಳ್ಯಾರ. ಹೊಳ್ಳಿ ಹೋಗು."

"ವಕೀಲ್ರ ಕಾಲಲ್ಲ, ನನ್ನ ಕಾಲು," ಎಂದು ಒಳಗಿನಿಂದ ನಾಗಲಿಂಗಮ್ಮನ ದನಿ ಬಂತು. "ಆಕಿನ್ನ ಬಿಡ್ರಿ."

ನಾಗಲಿಂಗಮ್ಮ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಬಲಗಾಲು ಸ್ಟೂಲಿನ ಮೇಲೆ, ತುದಿಯ ತನಕ ಬಿಳಿ ಪಟ್ಟಿ. ನೀರು ತಾಗಿಸುವ ಹಾಗಿರಲಿಲ್ಲ. ಮಂಜಮ್ಮ ಏನು ಮಾಡಬೇಕೆಂದು ತಿಳಿಯದೆ ನಿಂತು, ಆಮೇಲೆ ಕೆಳಗೆ ಕೂತು ನೆಟ್ಟಗಿದ್ದ ಎಡಗಾಲನ್ನೇ ತೊಳೆದಳು. ಬೆರಳ ಸಂದಿ, ಹಿಮ್ಮಡಿ, ಕಣಕಾಲು. ಸೆರಗಿನಿಂದ ಒರೆಸಿದಳು. ಎದ್ದಳು.

ನಾಗಲಿಂಗಮ್ಮ ಕಾಯುತ್ತಿದ್ದಳು. "ಅಷ್ಟೇನು?"

ಬಾಗಿಲಲ್ಲಿ ಬೆನಕಪ್ಪ ಪೇಪರ್ ಮಡಿಚಿ ಹಿಡಿದು ನಿಂತಿದ್ದ. ಮಂಜಮ್ಮನಿಗೆ ಸಾಕಾಗೇತಿ ಅಂದ ಮಗನ ಮುಖ ಕಣ್ಣ ಮುಂದೆ ಬಂತು. ಖಾಲಿ ಗೂಟ, ಖಾಲಿ ಮಂಚ, ಗೋಡೆ ಹಿಡಿದು ನಡೆಯುವ ಅತ್ತೆ. ಮತ್ತೆ ಕೆಳಗೆ ಕೂತಳು.

"ನನ್ನ ಕೈಯಿಂದ ಆತ್ರಿ ಅಮ್ಮಾರ. ಉಪ್ಪಿನ ಗಂಟು ಕಪಾಳಕ್ಕ ಹಚ್ಚಿ ನೋಡ್ಲಿಲ್ಲ. ನಿಮಗ ಸಕ್ಕರಿ ಐತೇನಂತ ಕೇಳ್ಲಿಲ್ಲ. ಅವಸರ ಮಾಡಿದೆ."

"ಸಕ್ಕರಿ ಐತಂತ ನಾನರ ಎಲ್ಲಿ ಹೇಳಿದೆ," ಎಂದಳು ನಾಗಲಿಂಗಮ್ಮ. ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಸಿಟ್ಟೂ ಇತ್ತು. "ಬೊಟ್ಟು ಹೋಗಿದ್ದಕ್ಕಿಂತ ನೀ ಬರಲಿಲ್ಲಂತ ಹೊಟ್ಟಿ ಉರೀತು ನನಗ. ಇಷ್ಟು ದಿನ ನನ್ನ ಮೈ ಮುಟ್ಟಿದಾಕಿ."

"ಕೇಸು ವಾಪಸ್ ತಗಳಂಗಿಲ್ಲ ಮತ್ತ," ಎಂದ ಬೆನಕಪ್ಪ. "ಖರ್ಚು ಬಂದೈತಿ. ಅದು ಅದರ ಪಾಡಿಗೆ ನಡೀತತಿ."

"ನಡೀಲಿ ಬಿಡ್ರಿ ಸಾವ್ಕಾರ್ರ."

ನಾಗಲಿಂಗಮ್ಮ ಬಟ್ಟಲಿನ ಕಡೆ ನೋಡಿದಳು. ಬಲಗೈಯನ್ನು ಎತ್ತಲು ಹೋದಳು. ಅದು ಎದೆಯ ಮಟ್ಟದಲ್ಲೇ ನಿಂತಿತು. "ಆಸ್ಪತ್ರಿಯಾಗ ಮಲಗಿ ಮಲಗಿ ಹೆಗಲು ಮತ್ತ ಹಂಗ ಆಗೇತಿ. ಕಾಲಂತೂ ಆತು. ಎಣ್ಣಿ ತಂದೀದಿ, ಹೆಗಲರ ನೋಡು."

ಮಂಜಮ್ಮ ಬೆರಳನ್ನು ಬಟ್ಟಲಿಗೆ ಅದ್ದಿದಳು. ಎಣ್ಣೆ ತಣ್ಣಗಿತ್ತು. ಆ ಹೆಗಲ ಗಂಟುಗಳು ಅವಳ ಬೆರಳಿಗೆ ನೆನಪಿದ್ದವು.

*

ಮನೆಗೆ ಬಂದಾಗ ಚನ್ನಬಸವ ಸೆಂಟರ್ ಮುಚ್ಚಿ ಬಂದು ಪಡಸಾಲೆಯಲ್ಲಿ ಕೂತಿದ್ದ. ಅವ್ವನ ಮುಖ ನೋಡಿದ.

"ಅಂದಿ?"

"ಅಂದೆ."

ಅವನು ಗೋಡೆಗೆ ತಲೆ ಆನಿಸಿದ. ಬೈಯುತ್ತಾನೆಂದು ಕಾದಳು. ಬೈಯಲಿಲ್ಲ. ಫೋನು ಕೈಯಲ್ಲಿ ಬಡಿದುಕೊಂಡಿತು. ಬಿಟ್ಟ. ಮತ್ತೆ ಬಡಿದುಕೊಂಡಾಗ ಕಿವಿಗಿಟ್ಟ.

"ಹೂನ್ರಿ ಸರ. ಹೋಗಿದ್ಲು... ಅಂದಾಳ, ಎಲ್ಲಾ ಅಂದಾಳ... ಇಲ್ರಿ, ಸುಳ್ಳು ಬರಕೊಡಂಗಿಲ್ಲ... ಆತು, ಕ್ಯಾನ್ಸಲ್ ಮಾಡ್ರಿ." ಆ ಕಡೆಯ ಮಾತನ್ನು ತುಸು ಹೊತ್ತು ಕೇಳಿಸಿಕೊಂಡ. "ಅದೆಲ್ಲಾ ಇರ್ಲಿ ಸರ, ನಮ್ಮಪ್ಪನ ಟಗರು ವಾಪಸ್ ಕೊಡ್ತೀರೇನು?"

ಫೋನು ಕಟ್ಟಾಯಿತು. ಹಿತ್ತಲ ಬಾಗಿಲಲ್ಲಿ ಪಾಲಾಕ್ಷಪ್ಪ ಮೂಗಿನಲ್ಲೇ ನಕ್ಕ. "ಅದು ಎಂದೋ ಯಾರದೋ ಹೊಟ್ಯಾಗ ಸೇರೇತಿ."

"ಆಸ್ಪತ್ರಿ ದುಡ್ಡು ಎಲ್ಲಿಂದ ತರೋದು ಯವ್ವ?"

"ನನಗ ಗೊತ್ತಿಲ್ಲ. ನಾಳಿಯಿಂದ ಬಾಣಂತಿ ಮನಿ ಕೇಳ್ತೀನಿ. ದ್ಯಾಮಕ್ಕ ಎಷ್ಟಂತ ಮಾಡ್ತಾಳ." ಮಂಜಮ್ಮ ಗೋಡೆ ಹಿಡಿದು ಅತ್ತೆಯ ಪಕ್ಕ ಕೂತಳು. "ಮೊದ್ಲ ನಿಮ್ಮಜ್ಜಿ ಮಣಕಾಲಿಗೆ ಹಚ್ಚಬೇಕು. ಒಂಚೂರು ಎಣ್ಣಿ ಕಾಸ್ಕಂಡು ಬಾ."

ಚನ್ನಬಸವ ಎದ್ದು ಹೋದ. ಒಲೆ ಹೊತ್ತಿಸುವ ಸದ್ದು ಕೇಳಿತು. ತಿಪ್ಪೇರುದ್ರಮ್ಮ ಸೀರೆ ಸರಿಸಿ ಕಾಲು ಚಾಚಿದಳು. ಅವನು ಬಟ್ಟಲನ್ನು ಬಟ್ಟೆಯಲ್ಲಿ ಹಿಡಿದು ತಂದು, "ಸರಿ ಐತೇನು ನೋಡು," ಎಂದು ಅವ್ವನ ಮುಂದೆ ಹಿಡಿದ.

ಮಂಜಮ್ಮನ ಅಂಗೈ ತಾನಾಗಿಯೇ ಮುಂದೆ ಬಂತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಬಗ್ಗಿ, ಬಟ್ಟಲಿನ ಹೊರಮೈಗೆ ಕಪಾಳ ಹಚ್ಚಿದಳು.

ಚುರ್ರೆಂದಿತು.

"ಸುಡ್ತತಿ," ಎಂದಳು. "ಇಡು ಕೆಳಗ. ಆರ್ಲಿ."

ಮಗ ಬಟ್ಟಲನ್ನು ನೆಲಕ್ಕಿಟ್ಟು ಅವಳ ಪಕ್ಕದಲ್ಲೇ ಕೂತ. ಎಣ್ಣೆ ಆರುವ ತನಕ ಮೂವರೂ ಕಾದರು.